ಜಪ್ಪಯ್ಯ ಅಂದರೂ ಏಳದ ಹೆಡ್ಡು

ಹಳೆಯ ಟ್ರ್ಯಾಕ್ಟರಿನ ಸಿಲಿಂಡರ್ ಹೆಡ್ ಯಾಕೆ ಕಚ್ಚಿ ಕೂಡುತ್ತದೆ? ಒಡೆಯದಂತೆ ಅದನ್ನು ಎಬ್ಬಿಸುವುದು ಹೇಗೆ?

ಖಂಡೇಪೂಜೆ ಮುಗಿದು ವಾರವಾಗಿರುತ್ತದೆ. ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯ ಊರುಗಳಲ್ಲಿ ದನದ ಕೊಟ್ಟಿಗೆಗೆ ಆತುಕೊಂಡ ತಗಡಿನ ಶೆಡ್ಡಿನಡಿ ನಿಂತ ಹಳೆಯ ಟ್ರ್ಯಾಕ್ಟರಿನ ಮೂತಿಗೆ ಹಾಕಿದ ಚೆಂಡುಹೂವಿನ ಮಾಲೆ ಒಣಗುತ್ತ ಬಂದಿರುತ್ತದೆ. ಕುಂಕುಮದ ಬೊಟ್ಟು ಇನ್ನೂ ಮಾಸಿಲ್ಲ. ಹೊಲದಲ್ಲಿ ಕಬ್ಬು ಆಳೆತ್ತರ ದಾಟಿದೆ, ಕಾರ್ಖಾನೆಯ ಕಟಾವಿನ ಪಾಳಿ ಇಂದೋ ನಾಳೆಯೋ ಬರಬೇಕು. ಆಗ ನೆನಪಾಗುತ್ತದೆ, ಈ ಟ್ರ್ಯಾಕ್ಟರ್ ಮಳೆಗಾಲಕ್ಕೆ ಮುಂಚೆಯೇ ಬಿಳಿ ಹೊಗೆ ಕಾರಿ, ರೇಡಿಯೇಟರಿನಲ್ಲಿ ಬುರುಬುರು ಗುಳ್ಳೆ ಎಬ್ಬಿಸಿ ನಿಂತದ್ದು.

ಮಿಸ್ತ್ರಿ ಬರುತ್ತಾರೆ. ಬಾನೆಟ್ ಎತ್ತಿ, ಆಯಿಲ್ ಕಡ್ಡಿ ಎಳೆದು, ಬೆರಳಿಗೆ ಒರೆಸಿಕೊಂಡು ನೋಡುತ್ತಾರೆ. ‘ಗ್ಯಾಸ್ಕೆಟ್ ಹೋಗೇತ್ರಿ, ಹೆಡ್ ಬಿಚ್ಚಬೇಕು’ ಅನ್ನುತ್ತಾರೆ. ಪಾನಾ ಹಾಕಿ ಒಂದೊಂದೇ ನಟ್ಟು ಬಿಚ್ಚಿದ್ದಾಯಿತು. ಕೊನೆಯ ನಟ್ಟೂ ಕಳಚಿ ಡಬ್ಬಿಗೆ ಬಿತ್ತು. ಇಬ್ಬರು ಎರಡು ಕಡೆ ಹಿಡಿದು ಎತ್ತಿದರೆ ಹೆಡ್ಡು ಕೂದಲೆಳೆಯಷ್ಟೂ ಅಲುಗುವುದಿಲ್ಲ. ಬ್ಲಾಕೂ ಹೆಡ್ಡೂ ಒಂದೇ ಎರಕದಲ್ಲಿ ಹುಟ್ಟಿದವೇನೋ ಅನ್ನುವ ಹಾಗೆ ಕೂತುಬಿಟ್ಟಿರುತ್ತದೆ.

ಎಂಜಿನ್ನಿನ ಆಯುಷ್ಯ ತೀರ್ಮಾನವಾಗುವುದು ಅಲ್ಲಿಂದ ಮುಂದಿನ ಅರ್ಧ ಗಂಟೆಯಲ್ಲಿ. ಸುತ್ತ ನಿಂತವರಲ್ಲಿ ಒಬ್ಬ ಪಹಾರಿ ತರಲು ಹೋಗುತ್ತಾನೆ, ಇನ್ನೊಬ್ಬ ಚಾಣ, ಹತೋಡಿ ಹುಡುಕುತ್ತಾನೆ. ಒಳ್ಳೆಯ ಮಿಸ್ತ್ರಿಯಾದರೆ ಇಬ್ಬರನ್ನೂ ತಡೆಯುತ್ತಾರೆ.

‘ಏನ್ರೀ ಮಿಸ್ತ್ರಿ, ಇವತ್ತ ಬಿಚ್ಚತೈತೇನ್ರಿ?’

‘ಇವತ್ತ ಬಿಚ್ಚಿದ್ರ ಎರಡ ತುಂಡಾಗಿ ಬರ್ತೈತ್ರಿ ಗೌಡ್ರ. ನಾಕ ದಿನಾ ಬಿಡ್ರಿ.’

ಈ ‘ನಾಕು ದಿನ’ ಯಾಕೆ ಬೇಕು ಅನ್ನುವುದೇ ಈ ಲೇಖನದ ವಿಷಯ.

ಹೆಡ್ಡು ಹೊರುವ ಭಾರ

ಡೀಸೆಲ್ ಎಂಜಿನ್ನಿಗೆ ಕಿಡಿ ಹಾರಿಸುವ ಪ್ಲಗ್ ಇಲ್ಲ. ಪಿಸ್ಟನ್ ಮೇಲೇರುತ್ತ ಒಳಗಿನ ಗಾಳಿಯನ್ನು ಹದಿನಾರನೇ ಒಂದು ಪಾಲಿಗೋ ಇಪ್ಪತ್ತನೇ ಒಂದು ಪಾಲಿಗೋ ಅದುಮುತ್ತದೆ. ಸೈಕಲ್ ಪಂಪು ಹೊಡೆದಾಗ ಅದರ ಬುಡ ಬಿಸಿಯಾಗುತ್ತದಲ್ಲ, ಅದೇ ಕಾರಣಕ್ಕೆ ಇಲ್ಲಿ ಗಾಳಿ 500 ಡಿಗ್ರಿ ಸೆಲ್ಸಿಯಸ್ ದಾಟಿ ಕಾಯುತ್ತದೆ. ಆ ಗಾಳಿಗೆ ನಾಜಲ್ ಡೀಸೆಲ್ ಸಿಂಪಡಿಸಿದ ಕೂಡಲೇ ಹೊತ್ತಿಕೊಳ್ಳುತ್ತದೆ.

ಹೊತ್ತಿದ ಆ ಗಳಿಗೆಯಲ್ಲಿ ಸಿಲಿಂಡರಿನೊಳಗೆ ಚದರ ಸೆಂಟಿಮೀಟರಿಗೆ 60 ಕಿಲೊಗ್ರಾಂ ಆಸುಪಾಸು ಒತ್ತಡ. ಸುಮಾರು 85 ಮಿಲಿಮೀಟರ್ ಬೋರಿನ ಎಂಜಿನ್ ಅಂದುಕೊಂಡು ಲೆಕ್ಕ ಹಾಕಿದರೆ ಒಂದೊಂದು ಸಿಲಿಂಡರೂ ತನ್ನ ಮೇಲಿನ ಮುಚ್ಚಳವನ್ನು ಮೂರು ಟನ್ನಿಗಿಂತ ಹೆಚ್ಚಿನ ಬಲದಿಂದ ಮೇಲಕ್ಕೆ ನೂಕುತ್ತದೆ, ಅದೂ ನಿಮಿಷಕ್ಕೆ ನೂರಾರು ಸಲ. ಆ ಮುಚ್ಚಳವೇ ಸಿಲಿಂಡರ್ ಹೆಡ್. ನಾಲ್ಕು ಸಿಲಿಂಡರಿನದಾದರೆ ನಲವತ್ತು–ಐವತ್ತು ಕಿಲೊ ತೂಗುವ ಬೀಡು ಕಬ್ಬಿಣದ ಗಟ್ಟಿ. ಗಾಳಿ ಒಳಬರುವ, ಹೊಗೆ ಹೊರಹೋಗುವ ದಾರಿಗಳು, ವಾಲ್ವ್‌ಗಳು, ನಾಜಲ್ ಕೂಡುವ ತೂತುಗಳು, ನೀರು ಹರಿಯುವ ಸುರಂಗಗಳು ಎಲ್ಲ ಅದರ ಹೊಟ್ಟೆಯಲ್ಲೇ ಇವೆ. ಅದನ್ನು ಬ್ಲಾಕಿಗೆ ಬಿಗಿದು ಹಿಡಿಯುವುದು ಉದ್ದನೆಯ ಉಕ್ಕಿನ ಸ್ಟಡ್ಡುಗಳು. ಎರಡರ ನಡುವೆ ತೆಳ್ಳಗಿನ ಗ್ಯಾಸ್ಕೆಟ್.

ಬೆಂಕಿ, ನೀರು, ಎಣ್ಣೆ ಮೂರೂ ಒಂದಕ್ಕೊಂದು ತಾಗದಂತೆ ಕಾಯುವುದು ಆ ತೆಳು ಹಾಳೆ. ಅದು ಒಂದು ಕಡೆ ಸುಟ್ಟುಹೋದರೆ ಬೆಂಕಿಯ ಗಾಳಿ ನೀರಿಗೆ ನುಗ್ಗಿ ರೇಡಿಯೇಟರಿನಲ್ಲಿ ಗುಳ್ಳೆ ಏಳುತ್ತದೆ, ನೀರು ಎಣ್ಣೆಗೆ ಇಳಿದು ಆಯಿಲ್ ಹಾಲು ಹೆಚ್ಚಾದ ಚಹಾದ ಬಣ್ಣಕ್ಕೆ ತಿರುಗುತ್ತದೆ. ಮಿಸ್ತ್ರಿ ಮೊದಲು ಆಯಿಲ್ ಕಡ್ಡಿ ನೋಡಿದ್ದು ಇದಕ್ಕೇ.

ಕಚ್ಚುವುದು ಎಲ್ಲಿ?

ಗ್ಯಾಸ್ಕೆಟ್ ಅಂಟಿಕೊಂಡದ್ದಕ್ಕೇ ಹೆಡ್ಡು ಏಳುತ್ತಿಲ್ಲ ಎಂದು ಹಲವರು ತಿಳಿಯುತ್ತಾರೆ. ವರ್ಷಗಟ್ಟಲೆ ಬೆಂದ ಗ್ಯಾಸ್ಕೆಟ್ ಅಂಟಿರುವುದು ನಿಜ. ಆದರೆ ಹೆಚ್ಚಿನ ಸಲ ನಿಜವಾದ ಹಿಡಿತ ಇರುವುದು ಸ್ಟಡ್ಡುಗಳಲ್ಲಿ.

ಸ್ಟಡ್ಡು ಹೆಡ್ಡಿನ ತೂತಿನಲ್ಲಿ ಹಾದುಬರುತ್ತದೆ. ತೂತು ಸ್ಟಡ್ಡಿಗಿಂತ ಕೊಂಚವೇ ದೊಡ್ಡದು. ಆ ಸಂದಿಗೆ ಗ್ಯಾಸ್ಕೆಟ್ಟಿನ ಅಂಚಿನಿಂದ ನೀರು ಜಿನುಗುತ್ತದೆ, ಮೇಲಿನಿಂದ ಮಳೆಯ ಥಂಡಿಯೂ ಇಳಿಯುತ್ತದೆ. ಉಕ್ಕು ತುಕ್ಕು ಹಿಡಿಯುತ್ತದೆ. ತುಕ್ಕಿಗೆ ಒಂದು ಗುಣವಿದೆ: ತಾನು ತಿಂದ ಕಬ್ಬಿಣಕ್ಕಿಂತ ಎರಡರಿಂದ ಆರು ಪಟ್ಟು ಹೆಚ್ಚು ಜಾಗ ಬೇಡುತ್ತದೆ. ಸಂದಿಯೊಳಗೆ ಹುಟ್ಟಿದ ತುಕ್ಕಿಗೆ ಹೊರಹೋಗಲು ದಾರಿ ಇಲ್ಲ. ಅದು ಅಲ್ಲೇ ಉಬ್ಬಿ, ಕೊಡಲಿಯ ಕಾವಿಗೆ ಹೊಡೆದ ಬೆಣೆಯಂತೆ ಗಟ್ಟಿಯಾಗುತ್ತದೆ. ಹತ್ತು ಹದಿನೈದು ಸ್ಟಡ್ಡುಗಳ ಸುತ್ತಲೂ ಇಂಥದೇ ಬೆಣೆ ಕೂತರೆ ಇಬ್ಬರ ಕೈಬಲ ಏನೂ ಸಾಲದು.

ಈ ತುಕ್ಕಿನ ಮೂಲ ನಾವು ರೇಡಿಯೇಟರಿಗೆ ಸುರಿಯುವ ನೀರು. ಘಟಪ್ರಭಾ ಕಾಲುವೆಯ ಕೆಳಗಿನ ಎಷ್ಟೋ ಹೊಲಗಳು ಸವಳು–ಜವಳಾಗಿ ಬೆಳೆ ಕೈಬಿಟ್ಟ ಕಥೆ ಈ ಭಾಗದ ರೈತರಿಗೆ ಹೇಳಿಕೊಡಬೇಕಿಲ್ಲ. ಮಣ್ಣಿನ ಮೇಲೆ ಬೆಳ್ಳಗೆ ಉಪ್ಪು ಉಕ್ಕುವ ಜಾಗದ ಬೋರ್‌ವೆಲ್ ನೀರನ್ನೇ ಕೊಡದಲ್ಲಿ ತಂದು ಎಂಜಿನ್ನಿಗೆ ಹಾಕುತ್ತೇವೆ. ಹೊಲ ಕೆಡಿಸಿದ ಉಪ್ಪು ಕಬ್ಬಿಣವನ್ನೂ ಬಿಡುವುದಿಲ್ಲ. ಆ ನೀರು ಕಾದು ಆರಿದಂತೆಲ್ಲ ನೀರಿನ ಸುರಂಗಗಳ ಗೋಡೆಗೆ ಸುಣ್ಣದ ಪದರ ಕಟ್ಟುತ್ತದೆ, ಎಂಜಿನ್ ಹೆಚ್ಚು ಕಾಯುತ್ತದೆ, ಹೆಡ್ಡು ಸೊಟ್ಟಗಾಗುತ್ತದೆ, ಗ್ಯಾಸ್ಕೆಟ್ ಸೋರುತ್ತದೆ, ಸೋರಿದ ನೀರು ಸ್ಟಡ್ಡಿಗೆ ಇಳಿಯುತ್ತದೆ.

ಹೊಳೆ ಹೊಕ್ಕ ಎಂಜಿನ್

ನೆರೆಯ ನೀರು ಇನ್ನೂ ಕೆಟ್ಟದ್ದು. 2019ರ ಆಗಸ್ಟ್‌ನಲ್ಲಿ ಘಟಪ್ರಭೆ ಗೋಕಾಕ ಊರಿನೊಳಕ್ಕೇ ಬಂದದ್ದು ನೆನಪಿರಬಹುದು. ಹಿರಣ್ಯಕೇಶಿ, ಮಾರ್ಕಂಡೇಯ ಹೊಳೆಗಳೂ ತುಂಬಿ ಬಂದಿದ್ದವು. ಸುಮಾರು 51 ಟಿಎಂಸಿ ಹಿಡಿಯುವ ಹಿಡಕಲ್ ಜಲಾಶಯ ತುಂಬಿ ನೀರು ಬಿಟ್ಟಾಗ ಹೊಳೆಸಾಲಿನ ಊರುಗಳಲ್ಲಿ ಮನೆಯ ಜತೆ ಮನೆಯ ಮುಂದಿನ ವಾಹನಗಳೂ ಮುಳುಗುತ್ತವೆ.

ಮುಳುಗಿದ ಎಂಜಿನ್ನಿಗೆ ಹೊಗೆ ಕೊಳವೆಯಿಂದಲೂ ಗಾಳಿ ಎಳೆಯುವ ದಾರಿಯಿಂದಲೂ ನೀರು ನುಗ್ಗಿ ಸಿಲಿಂಡರಿನಲ್ಲಿ ನಿಲ್ಲುತ್ತದೆ. ನೆರೆ ಇಳಿದ ಮೇಲೆ ಸುಮ್ಮನೆ ಸೆಲ್ಫ್ ಹೊಡೆದು ನೋಡುವ ಆಸೆ ಯಾರಿಗಾದರೂ ಆಗುತ್ತದೆ. ದಯವಿಟ್ಟು ಬೇಡ. ಗಾಳಿಯನ್ನು ಅದುಮಬಹುದು, ನೀರನ್ನು ಅದುಮಲಾಗದು. ಮೇಲೇರುವ ಪಿಸ್ಟನ್ ನೀರಿಗೆ ಬಡಿದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಮೊದಲು ನಾಜಲ್‌ಗಳನ್ನು ಬಿಚ್ಚಿ, ಎಂಜಿನ್ನನ್ನು ಕೈಯಿಂದ ತಿರುಗಿಸಿ ನೀರು ಹೊರಹಾಕಬೇಕು, ಎಣ್ಣೆ ಬದಲಿಸಬೇಕು. ಅದೂ ನೀರು ಇಳಿದ ಒಂದೆರಡು ದಿನದಲ್ಲೇ. ತಿಂಗಳು ಬಿಟ್ಟು ನೋಡಿದರೆ ಪಿಸ್ಟನ್ ಲೈನರಿಗೆ ಕಚ್ಚಿರುತ್ತದೆ, ಹೆಡ್ಡು ಸ್ಟಡ್ಡಿಗೆ ಕಚ್ಚಿರುತ್ತದೆ.

ಹಳೆಯದನ್ನು ಉಳಿಸುವುದು ಯಾಕೆ?

ಇಷ್ಟು ಪಾಡು ಪಡುವ ಬದಲು ಹೊಸ ಹೆಡ್ಡು ತಂದು ಹಾಕಬಾರದೆ ಎಂದು ಕೇಳಬಹುದು. ಕೆಲವು ಗಾಡಿಗಳಿಗೆ ಸಿಗುತ್ತದೆ, ಕೆಲವಕ್ಕೆ ಇಲ್ಲ. ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಜತೆ ಸೇರಿ ಮಹೀಂದ್ರದವರು 1963ರಲ್ಲಿ ಕಟ್ಟಿದ ಕಂಪನಿಯ ಬಿ–275, ನಾಲ್ಕು ಸಿಲಿಂಡರಿನ 35 ಅಶ್ವಶಕ್ತಿಯ ಗಾಡಿ, ಇವತ್ತಿಗೂ ಹಳ್ಳಿಗಳಲ್ಲಿ ಓಡುತ್ತದೆ. ಎಚ್‌ಎಂಟಿ 1971ರಲ್ಲಿ ಪಿಂಜೋರ್ ಕಾರ್ಖಾನೆಯಲ್ಲಿ ಜೆಕೊಸ್ಲೊವಾಕಿಯಾದ ಜೆಟರ್ ಮಾದರಿಯ 25 ಅಶ್ವಶಕ್ತಿಯ ಟ್ರ್ಯಾಕ್ಟರ್ ಮಾಡತೊಡಗಿತು. ಆ ಟ್ರ್ಯಾಕ್ಟರ್ ವಿಭಾಗವನ್ನೇ ಮುಚ್ಚಲು ಕೇಂದ್ರ ಸರ್ಕಾರ 2016ರಲ್ಲಿ ತೀರ್ಮಾನಿಸಿತು. ತಯಾರಿಸಿದ ಕಾರ್ಖಾನೆಯೇ ಇಲ್ಲದ ಗಾಡಿಯ ಹೆಡ್ಡು ಒಡೆದರೆ ಗುಜರಿ ಅಂಗಡಿಗಳನ್ನು ಸುತ್ತುವುದೇ ದಾರಿ.

ಇನ್ನೊಂದು ಮಾತೂ ಇದೆ. ಬೆಳಗಾವಿ ಜಿಲ್ಲೆಗೆ ಎರಕದ ಕಬ್ಬಿಣ ಹೊಸತಲ್ಲ. ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರ್ 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ತೆರೆದು, ಮುಂದೆ ಕಬ್ಬಿಣದ ನೇಗಿಲು ಎರಕ ಹೊಯ್ದವರು. ಬೆಳಗಾವಿಯ ಉದ್ಯಮಬಾಗದಲ್ಲಿ ಇಂದಿಗೂ ಫೌಂಡ್ರಿಗಳ ಕುಲುಮೆ ಉರಿಯುತ್ತಿದೆ. ಹೆಡ್ಡಿನ ಮುಖ ಹೆರೆಯಲು, ವಾಲ್ವ್ ಸೀಟು ಕೂಡಿಸಲು ಬಲ್ಲ ಕೈಗಳು ಈ ಜಿಲ್ಲೆಯಲ್ಲೇ ಇವೆ. ಹಳೆಯ ಹೆಡ್ಡು ಇಡಿಯಾಗಿ ಅವರ ಕೈ ಮುಟ್ಟಿದರೆ ಸಾಕು.

ಬಿಚ್ಚುವ ಮುನ್ನ

ಎಂಜಿನ್ ಪೂರ್ತಿ ತಣ್ಣಗಿರಬೇಕು. ಕಾದ ಹೆಡ್ಡಿನ ನಟ್ಟು ಸಡಿಲಿಸಿದರೆ ಅದು ಬಾಗುತ್ತದೆ. ಬ್ಯಾಟರಿ ತಂತಿ ಕಳಚಿ, ರೇಡಿಯೇಟರಿನ ನೀರು ಇಳಿಸಬೇಕು. ಬ್ಲಾಕಿನ ಪಕ್ಕದಲ್ಲಿ ಇನ್ನೊಂದು ನಲ್ಲಿ ಇರುತ್ತದೆ, ಅದರ ಬಾಯಿ ಕೆಸರು ಕಟ್ಟಿರುವುದೇ ಹೆಚ್ಚು. ತಂತಿಯಿಂದ ಚುಚ್ಚಿ ಆ ನೀರನ್ನೂ ಖಾಲಿ ಮಾಡದಿದ್ದರೆ ಹೆಡ್ಡು ಎದ್ದ ಕೂಡಲೇ ಕೊಳಕು ನೀರು ಸಿಲಿಂಡರಿಗೆ ಇಳಿಯುತ್ತದೆ.

ಡೀಸೆಲ್ ಪೈಪು, ಮ್ಯಾನಿಫೋಲ್ಡ್, ನೀರಿನ ಹೋಸು, ರಾಕರಿಗೆ ಎಣ್ಣೆ ಒಯ್ಯುವ ಸಣ್ಣ ಪೈಪು ಎಲ್ಲ ಕಳಚಬೇಕು. ಹೆಡ್ಡಿನ ನಟ್ಟುಗಳನ್ನು ಹೊರಗಿನಿಂದ ಒಳಕ್ಕೆ, ಕೊಂಚ ಕೊಂಚವೇ, ಎರಡು ಮೂರು ಸುತ್ತಿನಲ್ಲಿ ಸಡಿಲಿಸಬೇಕು. ಪುಶ್ ರಾಡುಗಳನ್ನು ಹೊರತೆಗೆಯುವಾಗ ಹಳೆಯ ರಟ್ಟಿನ ಡಬ್ಬಿಗೆ ಸಾಲಾಗಿ ತೂತು ಹಾಕಿ, ಬಂದ ಕ್ರಮದಲ್ಲೇ ಅವನ್ನು ಸಿಕ್ಕಿಸಿಡುವ ಮಿಸ್ತ್ರಿ ಸಿಕ್ಕರೆ ಅವರನ್ನು ಬಿಡಬೇಡಿ.

ಹೆಡ್ಡು ಏಳಲಿಲ್ಲ ಎಂದು ಬಲ ಹಾಕುವ ಮುಂಚೆ ನಟ್ಟುಗಳನ್ನು ಮತ್ತೊಮ್ಮೆ ಎಣಿಸಿ. ಗ್ರೀಸು, ಧೂಳು ಮೆತ್ತಿದ ಮೂಲೆಯಲ್ಲೋ ಮ್ಯಾನಿಫೋಲ್ಡಿನ ಮರೆಯಲ್ಲೋ ಒಂದು ನಟ್ಟು ಉಳಿದೇ ಇರುತ್ತದೆ. ‘ಕಚ್ಚಿದೆ’ ಎಂದು ಒಡೆಸಿಕೊಂಡ ಎಷ್ಟೋ ಹೆಡ್ಡುಗಳು ಹೀಗೆ ಮರೆತ ನಟ್ಟಿನಿಂದ ಹಾಳಾದವು.

ಎಣ್ಣೆಗೆ ಹೊತ್ತು ಕೊಡಿ

ಇಲ್ಲಿಂದ ಕೆಲಸ ಮಿಸ್ತ್ರಿಯ ಕೈಯಿಂದ ಎಣ್ಣೆಯ ಕೈಗೆ ಹೋಗುತ್ತದೆ. ಪ್ರತಿ ಸ್ಟಡ್ಡಿನ ಬುಡವನ್ನು ತಂತಿ ಬ್ರಶ್ಶಿನಿಂದ ಉಜ್ಜಿ, ತುಕ್ಕಿಗೆ ಇಳಿಯುವ ತೆಳು ಎಣ್ಣೆ ಬಿಡಬೇಕು. ಅಂಗಡಿಯಲ್ಲಿ ಅದಕ್ಕೆಂದೇ ಸ್ಪ್ರೇ ಡಬ್ಬಿ ಸಿಗುತ್ತದೆ. ಮೊದಲೆಲ್ಲ ಚಿಮಣಿ ಎಣ್ಣೆಯನ್ನೇ ಡೀಸೆಲ್ ಜತೆ ಬೆರೆಸಿ ಬಿಡುತ್ತಿದ್ದರು, ಅದೂ ಕೆಲಸ ಮಾಡುತ್ತದೆ, ನಿಧಾನವಾಗಿ.

ಎಣ್ಣೆ ಬಿಟ್ಟಾಗ ಹತ್ತಿರ ಬಾಗಿ ನೋಡಿ. ಸ್ಟಡ್ಡಿನ ಸುತ್ತ ಒಂದು ಸಣ್ಣ ಕೊಳ ನಿಲ್ಲುತ್ತದೆ. ಮೊದಲ ದಿನ ಅದು ನಿಂತಲ್ಲೇ ನಿಂತಿರುತ್ತದೆ. ಸ್ಟಡ್ಡಿನ ತಲೆಗೆ ನಟ್ಟು ಸಮವಾಗಿ ಕೂಡಿಸಿ, ಹಿತ್ತಾಳೆಯ ಸುತ್ತಿಗೆಯಿಂದ ಟಣ್ ಟಣ್ ಎಂದು ಹಗುರ ತಟ್ಟಿದರೆ ಕೊಳದ ಮೇಲೆ ಅಲೆ ಎದ್ದು, ಸಾಸಿವೆ ಕಾಳಿನಷ್ಟು ಗುಳ್ಳೆ ಮೇಲೆ ಬರುತ್ತದೆ. ಗುಳ್ಳೆ ಬಂತೆಂದರೆ ಒಳಗಿನ ಗಾಳಿ ಹೊರಬಂದು ಅಷ್ಟು ಎಣ್ಣೆ ಕೆಳಗಿಳಿಯಿತು ಎಂದರ್ಥ. ಹಣತೆಯ ಬತ್ತಿ ಎಣ್ಣೆ ಎಳೆದುಕೊಳ್ಳುವ ಹಾಗೆಯೇ ಸಂದಿಯೂ ಎಳೆದುಕೊಳ್ಳುತ್ತದೆ. ತಟ್ಟಿದಾಗ ತುಕ್ಕು ನವಿರಾಗಿ ಬಿರಿಯುತ್ತದೆ, ಬಿರಿದಲ್ಲಿಗೆ ಎಣ್ಣೆ ಹೋಗುತ್ತದೆ. ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ, ಹೀಗೆ ಮೂರ್ನಾಲ್ಕು ದಿನ. ಮೂರನೆಯ ದಿನಕ್ಕೆ ಕೊಳ ಕಾಫಿ ಬಣ್ಣಕ್ಕೆ ತಿರುಗಿ, ತನ್ನಷ್ಟಕ್ಕೇ ಬತ್ತತೊಡಗುತ್ತದೆ. ಮಿಸ್ತ್ರಿ ಕೇಳಿದ ‘ನಾಕು ದಿನ’ ಇದೇ.

ಆಮೇಲೆ ಸ್ಟಡ್ಡುಗಳನ್ನೇ ಬಿಚ್ಚಲು ನೋಡಬಹುದು. ಒಂದೇ ಸ್ಟಡ್ಡಿಗೆ ಎರಡು ನಟ್ಟು ಹಾಕಿ, ಒಂದನ್ನೊಂದು ಎದುರುಬದುರು ಬಿಗಿದು, ಕೆಳಗಿನ ನಟ್ಟಿಗೆ ಪಾನಾ ಹಾಕಿ ತಿರುಗಿಸಿದರೆ ಸ್ಟಡ್ಡೇ ಬ್ಲಾಕಿನಿಂದ ತಿರುಗಿ ಬರುತ್ತದೆ. ಹಿಂದೆ ಮುಂದೆ ಆಡಿಸುತ್ತ ತೆಗೆಯಬೇಕು. ಒಂದೇ ದಮ್ಮಿಗೆ ಎಳೆದರೆ ತುಂಡಾಗಿ, ಬುಡ ಬ್ಲಾಕಿನಲ್ಲೇ ಉಳಿಯುತ್ತದೆ. ಅರ್ಧಕ್ಕರ್ಧ ಸ್ಟಡ್ಡು ಹೊರಬಂದರೂ ಹೆಡ್ಡಿನ ಹಿಡಿತ ಅಷ್ಟರಮಟ್ಟಿಗೆ ಸಡಿಲವಾದಂತೆ.

ಚಾಣ ಮಾತ್ರ ಬೇಡವೇ ಬೇಡ. ಬೀಡು ಕಬ್ಬಿಣ ಎಷ್ಟು ಒತ್ತಿದರೂ ತಡೆಯುತ್ತದೆ, ಸೀಳುವ ಬಲಕ್ಕೆ ಮಾತ್ರ ಸೋಲುತ್ತದೆ. ಗ್ಯಾಸ್ಕೆಟ್ಟಿನ ಸಂದಿಗೆ ಚಾಣ ಇಟ್ಟು ಹೊಡೆದರೆ ಆಗುವುದು ಸೀಳುವ ಕೆಲಸವೇ. ಹೆಡ್ಡು ಬಿರಿಯದೆ ಉಳಿದರೂ ಎರಡೂ ಮುಖಗಳಲ್ಲಿ ಗಾಯ ಬೀಳುತ್ತದೆ. ಅಂಥ ಗಾಯದ ಹೆಡ್ಡೊಂದನ್ನು ನಾನು ಬೆರಳಿನಿಂದ ಸವರಿ ನೋಡಿದ್ದೇನೆ. ಉಗುರು ಸಿಕ್ಕಿಕೊಳ್ಳುವಷ್ಟು ಗೀರು, ನೀರಿನ ತೂತಿನಿಂದ ಬೋರಿನ ಅಂಚಿನವರೆಗೂ. ಆ ಗೀರಿನಲ್ಲಿ ಎಷ್ಟು ಹೊಸ ಗ್ಯಾಸ್ಕೆಟ್ ಹಾಕಿದರೂ ನೀರು ನಿಲ್ಲಲಿಲ್ಲ.

ಎಂಜಿನ್ನಿನ ಉಸಿರೇ ಜ್ಯಾಕು

ಎಂಜಿನ್ ಸರಾಗವಾಗಿ ತಿರುಗುತ್ತಿದ್ದು, ಹೆಡ್ಡು ಮಾತ್ರ ಕಚ್ಚಿದ್ದರೆ ಹಳೆಯ ಮಿಸ್ತ್ರಿಗಳ ಬಳಿ ಇನ್ನೊಂದು ಉಪಾಯವಿದೆ. ನಾಜಲ್‌ಗಳನ್ನೂ ರಾಕರನ್ನೂ ಜಾಗದಲ್ಲೇ ಬಿಟ್ಟು, ಹೆಡ್ಡಿನ ನಟ್ಟುಗಳನ್ನು ಎರಡೆರಡು ಸುತ್ತು ಮಾತ್ರ ಸಡಿಲಿಸುತ್ತಾರೆ. ಪೂರ್ತಿ ತೆಗೆಯುವುದಿಲ್ಲ. ಡೀಸೆಲ್ ಬಂದ್ ಮಾಡುವ ಗುಂಡಿ ಎಳೆದಿಟ್ಟು, ಆ ಹೊತ್ತಿಗೆ ಬ್ಯಾಟರಿ ತಂತಿ ಜೋಡಿಸಿ ಸೆಲ್ಫ್ ಹೊಡೆಯುತ್ತಾರೆ. ಬೆಂಕಿ ಇಲ್ಲದ ಬರೀ ಗಾಳಿಯ ಒತ್ತಡವೇ ಒಂದೊಂದು ಸಿಲಿಂಡರಿನಲ್ಲಿ ಟನ್ನಿಗೂ ಹೆಚ್ಚು ಬಲದಿಂದ ಹೆಡ್ಡನ್ನು ಕೆಳಗಿನಿಂದ ನೂಕುತ್ತದೆ. ಯಾವ ಪಹಾರಿಯೂ ಇಷ್ಟು ನೇರವಾಗಿ ನೂಕಲಾರದು. ಗ್ಯಾಸ್ಕೆಟ್ ಬಿಟ್ಟುಕೊಟ್ಟಾಗ ‘ಫಸ್’ ಎಂದು ಗಾಳಿ ಪಕ್ಕಕ್ಕೆ ಹಾರುತ್ತದೆ. ಸಡಿಲಿಸಿದ ನಟ್ಟು ಹೆಡ್ಡನ್ನು ಮೇಲೆ ಹಾರದಂತೆ ಹಿಡಿಯುತ್ತದೆ. ಸಿಲಿಂಡರಿನಲ್ಲಿ ನೀರಿರುವ ಅನುಮಾನವಿದ್ದರೆ ಈ ಉಪಾಯಕ್ಕೆ ಕೈಹಾಕಬಾರದು.

ಎತ್ತುವ ಗಳಿಗೆ

ಚೈನ್ ಬ್ಲಾಕು ಕಟ್ಟಿ, ಹೆಡ್ಡಿನ ಎರಡೂ ತುದಿಗೆ ಸರಪಳಿ ಹಾಕಿ, ಸರಪಳಿ ಬಿಗಿಯಾಗುವಷ್ಟು ಮಾತ್ರ ಎಳೆಯಬೇಕು. ಆಮೇಲೆ ಹೆಡ್ಡಿನ ಬದಿಗೆ ಜಾಲಿ ಕಟ್ಟಿಗೆಯ ತುಂಡು ಇಟ್ಟು, ಅದರ ಮೇಲೆ ಹತೋಡಿಯಿಂದ ತಟ್ಟುತ್ತ ನಾಲ್ಕೂ ಬದಿ ಸುತ್ತಬೇಕು. ಒಂದು ಕಡೆ ಎದ್ದಿತು ಎಂದು ಅಲ್ಲೇ ಎತ್ತಿದರೆ ಮಳೆಗಾಲದ ಕಪಾಟಿನ ಡ್ರಾವರಿನ ಹಾಗೆ ಓರೆಯಾಗಿ ಮತ್ತೆ ಕಚ್ಚುತ್ತದೆ. ಎದ್ದ ಬದಿಯನ್ನು ಕೆಳಕ್ಕೆ ತಟ್ಟಿ, ಎಣ್ಣೆ ಬಿಟ್ಟು, ಮತ್ತೆ ಸಮವಾಗಿ ಎಬ್ಬಿಸಬೇಕು.

ಬಿಚ್ಚಿ ತೆಗೆಯುವ ಲೈನರ್ ಇರುವ ಎಂಜಿನ್ನುಗಳಲ್ಲಿ ಇನ್ನೊಂದು ಅಪಾಯವಿದೆ. ಗ್ಯಾಸ್ಕೆಟ್ ಬಲವಾಗಿ ಅಂಟಿದ್ದರೆ ಹೆಡ್ಡಿನ ಜತೆ ಲೈನರೂ ಮೇಲೇಳುತ್ತದೆ. ಅದರ ಬುಡದ ರಬ್ಬರ್ ರಿಂಗು ಜಾಗ ಬಿಟ್ಟರೆ ಮುಂದೆ ನೀರು ನೇರ ಎಣ್ಣೆಯ ತೊಟ್ಟಿಗೆ. ಆದ್ದರಿಂದ ಬೆರಳಗಲ ಎದ್ದ ಕೂಡಲೇ ನಿಲ್ಲಿಸಿ, ಟಾರ್ಚ್ ಹಿಡಿದು ಸಂದಿಯಲ್ಲಿ ಇಣುಕಬೇಕು. ಹೆಡ್ಡು ತೆಗೆದ ಮೇಲೆ ಲೈನರುಗಳನ್ನು ಪಟ್ಟಿ ಹಾಕಿ ಹಿಡಿಸದೆ ಎಂಜಿನ್ ತಿರುಗಿಸಲೂಬಾರದು.

ಎದ್ದ ಮೇಲೆ

ಹಳೆಯ ಗ್ಯಾಸ್ಕೆಟ್ಟುಗಳಲ್ಲಿ ಅನೇಕವು ಕಲ್ನಾರಿನವು. ಅದನ್ನು ಒಣಗಿದ್ದಾಗ ಕೆರೆಯುವುದು, ಗಾಳಿ ಹೊಡೆದು ಊದುವುದು ಶ್ವಾಸಕೋಶಕ್ಕೆ ಕೆಟ್ಟದ್ದು. ಒದ್ದೆ ಮಾಡಿ, ಮೂಗಿಗೆ ಮಾಸ್ಕ್ ಹಾಕಿಕೊಂಡು ಕೆರೆಯಿರಿ. ಕೆಲಸ ಕಲಿಯಲು ಬಂದ ಹುಡುಗರಿಗೇ ಈ ಕೆಲಸ ಹಚ್ಚುವುದು ರೂಢಿ, ಅದಕ್ಕೇ ಒತ್ತಿ ಹೇಳುತ್ತಿದ್ದೇನೆ.

ಹೆಡ್ಡಿನ ಮುಖದ ಮೇಲೆ ನೇರ ಪಟ್ಟಿ ಇಟ್ಟು ಫೀಲರ್ ಗೇಜ್ ತೂರಿಸಿ ನೋಡಬೇಕು. ಕಾಗದದ ಹಾಳೆಯಷ್ಟು, ಅಂದರೆ 0.1 ಮಿಲಿಮೀಟರ್ ಮೀರಿ ಬಾಗಿದ್ದರೆ ಲೇತ್ ವರ್ಕ್ಸಿಗೆ ಒಯ್ದು ಮುಖ ಹೆರೆಸುವುದು ಒಳ್ಳೆಯದು. ವಾಲ್ವ್‌ಗಳ ನಡುವೆ ಬಿರುಕು ಇದೆಯೇ ಎಂದು ಪರೀಕ್ಷೆ ಮಾಡಿಸಿ. ಜೋಡಿಸುವಾಗ ಕ್ರಮ ತಿರುಗುಮುರುಗು: ನಡುವಿನ ನಟ್ಟಿನಿಂದ ಹೊರಕ್ಕೆ, ಮೂರು ಸುತ್ತಿನಲ್ಲಿ, ಟಾರ್ಕ್ ಪಾನಾದಿಂದ ಕಂಪನಿ ಹೇಳಿದ ಅಳತೆಗೆ. ಸ್ಟಡ್ಡಿನ ಮೈಗೆ ತೆಳ್ಳಗೆ ಗ್ರೀಸು ಸವರಿದರೆ ಮುಂದಿನ ಸಲ ಬಿಚ್ಚುವವರು ನಿಮ್ಮನ್ನು ನೆನೆಯುತ್ತಾರೆ. ಕೆಲವು ತಾಸು ಓಡಿಸಿದ ಮೇಲೆ ಮತ್ತೆ ಬಿಗಿದು, ಟ್ಯಾಪೆಟ್ ಸಂದಿ ಕೂಡಿಸಬೇಕು.

ಇದೆಲ್ಲ ಸೇರಿ ವಾರ, ಹತ್ತು ದಿನ ಹಿಡಿಯುತ್ತದೆ. ಕಡಿದ ಕಬ್ಬು ಹೊಲದಲ್ಲಿ ಬಿದ್ದರೆ ಒಂದೆರಡು ದಿನದಲ್ಲೇ ತೂಕವೂ ಸಕ್ಕರೆಯೂ ಇಳಿಯುತ್ತವೆ. ಕಟಾವಿನ ಗ್ಯಾಂಗು ಬಂದು ನಿಂತ ಮೇಲೆ ಎಂಜಿನ್ ಬಿಚ್ಚಿದರೆ ಯಾವ ಮಿಸ್ತ್ರಿಗೂ ನಾಲ್ಕು ದಿನ ಸಿಗುವುದಿಲ್ಲ, ಚಾಣ ಹೊರಗೆ ಬರುವುದು ಆಗಲೇ.

ಆದ್ದರಿಂದ ಕಟಾವಿನ ಪಾಳಿ ಬರುವ ಮುಂಚೆ, ಎಂಜಿನ್ ತಣ್ಣಗಿರುವ ಒಂದು ಬೆಳಗ್ಗೆ, ರೇಡಿಯೇಟರಿನ ಮುಚ್ಚಳ ತೆಗೆದು ಬೆರಳು ಅದ್ದಿ ನೋಡಿ. ನೀರು ಇಟ್ಟಂಗಿಯ ಬಣ್ಣಕ್ಕೆ ತಿರುಗಿದ್ದರೆ ಪೂರ್ತಿ ಇಳಿಸಿ, ಒಳ್ಳೆಯ ನೀರಿನಿಂದ ತೊಳೆದು, ಕೂಲಂಟ್ ಬೆರೆಸಿದ ನೀರು ತುಂಬಿಸಿ. ಬೋರ್‌ವೆಲ್ ನೀರು ಬೇಡ. ಸೋಸಿಟ್ಟ ಮಳೆನೀರಾದರೂ ನಡೆದೀತು.